ಕಡಸಿನ ಚೊಚ್ಚಲ ಕರು: ತಳಿ, ವಯಸ್ಸು, ತೂಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಲಹಂಕ, ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್, ಮಾಗಡಿ. ಬೆಂಗಳೂರಿನ ಸುತ್ತ ಹಸು ಕಟ್ಟಿದವರು ಡೇರಿ ಮುಂದೆ ಸಿಕ್ಕಾಗ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ತಿರುಗಿ ತಿರುಗಿ ಕೇಳುವುದು ಒಂದೇ ವಿಷಯ: ಕಡಸು (ಇನ್ನೂ ಕರು ಹಾಕದ ಹೆಣ್ಣು ದನ) ಯಾವಾಗ ಗಬ್ಬ ಆಗಬೇಕು, ಮೊದಲ ಕರು ಯಾವಾಗ ಹಾಕಬೇಕು? ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ನಡೆಯುತ್ತದೆ.

## ಮೊದಲು ತಿಳಿಯಬೇಕಾದ್ದು

ಡಾಕ್ಟ್ರೇ, ಕಡಸಿಗೆ ಎಷ್ಟು ತಿಂಗಳಿಗೆ ಇಂಜೆಕ್ಷನ್ ಹಾಕಿಸಬೇಕು?

ಇಂಜೆಕ್ಷನ್ ಅಂದರೆ ಗಬ್ಬ ಕಟ್ಟಿಸಲು ಹೋರಿಯ ವೀರ್ಯ ಹಾಕಿಸುವುದು. ನೀವು ತಿಂಗಳು ಕೇಳುತ್ತೀರಿ, ನಾನು ಕಿಲೋದಲ್ಲಿ ಉತ್ತರ ಹೇಳುತ್ತೇನೆ. ಹುಟ್ಟಿದಾಗಿನಿಂದ ಹೊಟ್ಟೆ ತುಂಬಾ ಮೇವು ಕಂಡ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಕಡಸು 15ರಿಂದ 18 ತಿಂಗಳೊಳಗೆ 250-275 ಕಿಲೋ ಮುಟ್ಟುತ್ತದೆ. ಆಗ ಹಾಕಿಸಬಹುದು. ಜರ್ಸಿ ಮಿಶ್ರತಳಿಗೆ 200-225 ಕಿಲೋ ಸಾಕು. ಅದೇ ವಯಸ್ಸಿನ ಇನ್ನೊಂದು ಕಡಸು ಬರೀ ಒಣ ಹುಲ್ಲಿನಲ್ಲಿ ಬೆಳೆದಿದ್ದರೆ 160 ಕಿಲೋ ಇರಬಹುದು. ಹುಟ್ಟಿದ ತಾರೀಖು ಒಂದೇ ಆದರೂ ಅದಿನ್ನೂ ಕರುವೇ.

ಲೆಕ್ಕ ಹೀಗಿದೆ. ಪೂರ್ತಿ ಬೆಳೆದು ನಿಂತಾಗ ಹಸು ಎಷ್ಟು ತೂಗುತ್ತದೋ ಅದರಲ್ಲಿ ನೂರಕ್ಕೆ 40-50 ಪಾಲು ಬಂದಾಗ ಕಡಸು ಮೊದಲ ಸಲ ಬೆದೆಗೆ ಬರುತ್ತದೆ, ಅಂದರೆ ಹೋರಿ ಬಯಸುತ್ತದೆ. 60 ಪಾಲು ಬಂದಾಗ ಗಬ್ಬ ಹೊರಲು ತಯಾರು. ಕರು ಹಾಕಿ ಎದ್ದು ನಿಂತಾಗ 80-85 ಪಾಲು ಇರಬೇಕು.

ಹಾಗಾದರೆ ನಿಮ್ಮ ಕಡಸು ಬೆಳೆದರೆ ಎಷ್ಟು ತೂಗುತ್ತದೆ? ಅದಕ್ಕೆ ಪುಸ್ತಕ ಬೇಡ. ಅದರ ತಾಯಿ ಕೊಟ್ಟಿಗೆಯಲ್ಲೇ ಇದ್ದರೆ, ಮೂರನೇ ಸೂಲು (ಮೂರನೇ ಕರು) ದಾಟಿದ್ದರೆ, ಅದನ್ನೇ ಅಳೆಯಿರಿ. ತಾಯಿ 430 ಕಿಲೋ ಇದ್ದರೆ ಮಗಳಿಗೆ 260 ಆಗುವವರೆಗೆ ಕಾಯಿರಿ. ತಾಯಿ 340 ಇದ್ದರೆ 205 ಸಾಕು. ತಳಿಯ ಲೆಕ್ಕವೂ ಇದರಲ್ಲೇ ಬಂದುಬಿಡುತ್ತದೆ. ಒಂದು ಎಚ್ಚರ: ನಾಟಿ ಹಸುವಿಗೆ ಎಚ್‌ಎಫ್ ಹಾಕಿಸಿ ಹುಟ್ಟಿದ ಕಡಸಾದರೆ ತಾಯಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಅಲ್ಲಿ ತಾಯಿಯ ಅಳತೆ ನಂಬಬೇಡಿ.

ತೂಕ ನೋಡೋಕೆ ತಕ್ಕಡಿ ಎಲ್ಲಿಂದ ತರೋದು? ಸುಮ್ನೆ ಕಣ್ಣಳತೆಯಲ್ಲಿ ಹೇಳಿದ್ರೆ ಆಗಲ್ವಾ?

ಕಣ್ಣಳತೆ ಬಹಳ ಮೋಸ ಮಾಡುತ್ತದೆ, ಅದರಲ್ಲೂ ಕೂದಲು ಎದ್ದ, ಹೊಟ್ಟೆ ಜೋತ ಕಡಸಿನಲ್ಲಿ. ಹುಳ ತುಂಬಿದ ಹೊಟ್ಟೆ ದೂರಕ್ಕೆ ಮೈ ತುಂಬಿದ ಹಾಗೇ ಕಾಣುತ್ತದೆ. ಟೈಲರ್ ಹತ್ತಿರ ಸಿಗುವ ಅಳತೆ ಟೇಪು ತನ್ನಿ. 60 ಇಂಚಿನದು ಸಾಲದೇ ಹೋದರೆ ಎರಡನ್ನು ಜೋಡಿಸಿಕೊಳ್ಳಿ.

ಕಡಸನ್ನು ಸಮತಟ್ಟು ನೆಲದಲ್ಲಿ, ನಾಲ್ಕೂ ಕಾಲು ನೇರ ಬರುವಂತೆ ನಿಲ್ಲಿಸಿ. ಬೆಳಗ್ಗೆ ಮೇವು ನೀರು ಕೊಡುವ ಮುಂಚೆ ಅಳೆದರೆ ಒಳ್ಳೆಯದು. ಮುಂಗಾಲಿನ ಹಿಂದೆ, ಮೊಣಕೈಗೆ ತಾಗುವಂತೆ ಟೇಪನ್ನು ಎದೆ ಸುತ್ತ ತನ್ನಿ. ಬಿಗಿಯಾಗಿರಬೇಕು, ಆದರೆ ಚರ್ಮ ಒತ್ತಬಾರದು. ಕಡಸು ಉಸಿರು ಬಿಟ್ಟಾಗ ಓದಿ. ಆಮೇಲೆ ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕ ಹಿಂದೆ ಚಾಚಿರುವ ಮೂಳೆಯವರೆಗೆ ಉದ್ದ ನೋಡಿ. ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಎಲ್ಲ ಇಂಚಿನಲ್ಲಿರಲಿ, ಉತ್ತರ ಕಿಲೋದಲ್ಲಿ ಬರುತ್ತದೆ.

ಸುತ್ತಳತೆ 60 ಇಂಚು, ಉದ್ದ 48 ಇಂಚು ಅಂದುಕೊಳ್ಳಿ. 60×60×48 ಅಂದರೆ 1,72,800. 660ರಿಂದ ಭಾಗಿಸಿದರೆ ಸುಮಾರು 262 ಕಿಲೋ. ಸುತ್ತಳತೆ ಎರಡೇ ಇಂಚು ಕಮ್ಮಿಯಾಗಿ 58, ಉದ್ದ 46 ಆದರೆ ತೂಕ 234ಕ್ಕೆ ಇಳಿಯುತ್ತದೆ. ಎರಡು ಇಂಚಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಟೇಪಿಗೆ ಕಾಣುತ್ತದೆ. ಹತ್ತಿಪ್ಪತ್ತು ಕಿಲೋ ಹೆಚ್ಚುಕಮ್ಮಿ ಬರಬಹುದು. ಅದಕ್ಕೇ ಒಂದೇ ಸಲ ಅಳೆದು ಬಿಡಬೇಡಿ, ತಿಂಗಳಿಗೊಮ್ಮೆ ಅಳೆದು ಗೋಡೆ ಮೇಲೆ ಬರೆದಿಡಿ.

ಬೆದೆಗೆ ಬಂದಿದೆ, ಆದ್ರೆ ಕಡಸು ಚಿಕ್ಕದು. ಈ ಸಲ ಬಿಟ್ರೆ ಮತ್ತೆ ಬರುತ್ತಾ?

ಬರುತ್ತದೆ. 21 ದಿನಕ್ಕೊಮ್ಮೆ, ಹೆಚ್ಚೆಂದರೆ ಮೂರು ದಿನ ಆಚೀಚೆ. ಮೊದಲ ಬೆದೆಗೇ ಹಾಕಿಸುವ ಆತುರ ಬೇಡ. ಮೊದಲ ಬೆದೆಗಿಂತ ಎರಡು ಮೂರನೆಯದರಲ್ಲಿ ಗಬ್ಬ ನಿಲ್ಲುವುದೂ ಜಾಸ್ತಿ. ತಾರೀಖು ಬರೆದಿಟ್ಟುಕೊಂಡು ಮೇವು ಸರಿ ಮಾಡಿ. ಬೀದಿ ಹೋರಿ ಸುತ್ತಾಡುವ ಕಡೆ ಇದ್ದರೆ ಆ ದಿನ ಮಾತ್ರ ಕಡಸನ್ನು ಹೊರಗೆ ಬಿಡಬೇಡಿ. ನಗರದ ಅಂಚಿನಲ್ಲಿ ಚಿಕ್ಕ ಕಡಸುಗಳು ಗಬ್ಬ ಆಗುವುದು ಹೆಚ್ಚಾಗಿ ಹೀಗೇ.

ನಮ್ ಕಡಸು ಬೆದೆಗೆ ಬಂದಿದ್ದು ಗೊತ್ತೇ ಆಗಲ್ಲ, ಏನು ನೋಡಬೇಕು?

ಬೇರೆ ಹಸು ಹತ್ತಿದಾಗ ಕದಲದೆ ನಿಲ್ಲುವುದೇ ಗಟ್ಟಿ ಗುರುತು. ಒಂಟಿಯಾಗಿ ಕಟ್ಟಿದ ಕಡಸಿನಲ್ಲಿ ಅದನ್ನು ನೋಡುವುದು ಹೇಗೆ, ಅಲ್ವಾ? ಅಲ್ಲಿ ಲೋಳೆ ನೋಡಿ. ಮೊಟ್ಟೆಯ ಬಿಳಿ ಲೋಳೆಯ ಹಾಗೆ ತಿಳಿಯಾಗಿ, ತಂತಿಯಂತೆ ಜೋತಾಡುತ್ತದೆ, ಬಾಲಕ್ಕೂ ತೊಡೆಗೂ ಅಂಟಿರುತ್ತದೆ. ಕೂಗಾಟ, ಮೇವು ಬಿಡುವುದು, ಪದೇ ಪದೇ ಉಚ್ಚೆ ಹೊಯ್ಯುವುದೂ ಇರಬಹುದು. ಬೆದೆ 12ರಿಂದ 18 ಗಂಟೆ ಮಾತ್ರ. ಬೇಸಿಗೆಯಲ್ಲಿ ಇನ್ನೂ ಮಂಕು, ಎಷ್ಟೋ ಸಲ ರಾತ್ರಿಯೇ ಬಂದು ಹೋಗುತ್ತದೆ. ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಹಾಲು ಕರೆಯುವ ಮುಂಚೆ ಒಮ್ಮೆ ಟಾರ್ಚ್ ಹಿಡಿದು ನೋಡಿ. ಬೆಳಗ್ಗೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮಾರನೇ ಬೆಳಗ್ಗೆ.

ಗಬ್ಬ ಎಷ್ಟು ದಿನ?

ಎಚ್‌ಎಫ್, ಜರ್ಸಿಗೆ ಸುಮಾರು 280 ದಿನ. ನಾಟಿ ತಳಿಗಳಲ್ಲಿ ಐದರಿಂದ ಹತ್ತು ದಿನ ಜಾಸ್ತಿ. ಎಮ್ಮೆಗೆ 310.

## ತಳಿ

ಎಚ್‌ಎಫ್, ಜರ್ಸಿ, ಹಳ್ಳಿಕಾರ್, ಇವುಗಳಲ್ಲಿ ಯಾವುದು ಬೇಗ ಕರು ಹಾಕುತ್ತೆ?

ಜರ್ಸಿ ಎಲ್ಲಕ್ಕಿಂತ ಮುಂದೆ. ಮೈ ಚಿಕ್ಕದು, ಬೇಗ ತುಂಬುತ್ತದೆ, ಬೇಗ ಬೆದೆಗೆ ಬರುತ್ತದೆ. ಅದರ ಹಿಂದೆಯೇ ಎಚ್‌ಎಫ್. ಒಳ್ಳೆಯ ಕೊಟ್ಟಿಗೆಯಲ್ಲಿ ಈ ಎರಡರ ಮಿಶ್ರತಳಿಗಳು 26-28 ತಿಂಗಳಿಗೆ ಕರು ಹಾಕುತ್ತವೆ. ಸಾಧಾರಣ ಕೊಟ್ಟಿಗೆಯಲ್ಲಿ ಅದು ಮೂರು ವರ್ಷಕ್ಕೆ ಜಾರುತ್ತದೆ. ಹಳ್ಳಿಕಾರ್, ಅಮೃತಮಹಲ್ ತಳಿಗಳು ಕೆಲಸಕ್ಕೆ, ಓಟಕ್ಕೆ ಆರಿಸಿ ಬೆಳೆಸಿದವು. ಡುಬ್ಬ ಇರುವ ನಮ್ಮ ತಳಿಗಳೆಲ್ಲ ನಿಧಾನ. ಇವು ಮೂರು ವರ್ಷ ದಾಟಿ, ಮೂರೂವರೆ ನಾಲ್ಕಕ್ಕೆ ಚೊಚ್ಚಲು ಕರು ಹಾಕಿದರೆ ಅದನ್ನು ಕಾಯಿಲೆ ಅನ್ನಬಾರದು. ಘಾಟಿ ಸುಬ್ರಹ್ಮಣ್ಯ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ಮುಂದೆ ನಿಂತು ನೋಡಿ, ಆ ತಳಿಯಲ್ಲಿ ನಮ್ಮ ಹಿರಿಯರು ಏನನ್ನು ಹುಡುಕಿದರು ಅಂತ ಗೊತ್ತಾಗುತ್ತದೆ. ಬೇಗ ಕರು ಹಾಕುವುದನ್ನಂತೂ ಅಲ್ಲ.

ಎರಡು ತಳಿ ಬೆರೆತಾಗ ಇನ್ನೊಂದು ಲಾಭವಿದೆ. ನಾಟಿ ತಾಯಿಗೆ ಸೀಮೆ ಹೋರಿ ಸೇರಿ ಹುಟ್ಟಿದ ಮೊದಲ ತಲೆಮಾರಿನ ಕಡಸು ನಾಟಿ ತಾಯಿಗಿಂತ ಸಾಕಷ್ಟು ಬೇಗ ಬೆದೆಗೆ ಬರುತ್ತದೆ, ನಮ್ಮ ಬಿಸಿಲಿಗೆ ಅಪ್ಪಟ ಸೀಮೆ ಹಸುವಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಹಾಗಂತ ತಲೆಮಾರಿನಿಂದ ತಲೆಮಾರಿಗೆ ಎಚ್‌ಎಫ್ ರಕ್ತ ಏರಿಸುತ್ತಾ ಹೋದರೆ ಲಾಭವೂ ಏರುತ್ತಾ ಹೋಗುವುದಿಲ್ಲ. ಅಂಥ ಕಡಸಿಗೆ ಬೇಕಾಗುವ ಮೇವು, ನೆರಳು, ನೀರು ಎಲ್ಲರ ಕೊಟ್ಟಿಗೆಯಲ್ಲೂ ಇರುವುದಿಲ್ಲ. ಮೈ ಬೆಳೆಯದ ಮುಕ್ಕಾಲು ಎಚ್‌ಎಫ್‌ಗಿಂತ ಮೈ ತುಂಬಿದ ಅರ್ಧ ಎಚ್‌ಎಫ್ ಮೊದಲು ಗಬ್ಬ ಆಗುವುದನ್ನು ನಮ್ಮ ಕಡೆ ಎಲ್ಲಿ ಬೇಕಾದರೂ ನೋಡಬಹುದು.

ಯೂಟ್ಯೂಬಲ್ಲಿ ಅಮೆರಿಕದ ಆಂಗಸ್ ಕಡಸು ಎರಡೇ ವರ್ಷಕ್ಕೆ ಕರು ಹಾಕುತ್ತೆ. ನಮ್ದು ಯಾಕೆ ಹಾಕಲ್ಲ?

ಆಂಗಸ್, ಹೆರೆಫೋರ್ಡ್ ಮಾಂಸಕ್ಕಾಗಿ ಸಾಕುವ ತಳಿಗಳು. ಅಲ್ಲಿನ ಲೆಕ್ಕವೇ ಬೇರೆ. ಹಾಲು ಕರೆಯುವುದಿಲ್ಲ, ಕರುವೇ ಫಸಲು. ಹಿಂಡಿನ ಹಸುಗಳೆಲ್ಲ ವರ್ಷದ ಒಂದೇ ಕಾಲದಲ್ಲಿ, ಸಾಮಾನ್ಯವಾಗಿ ಹುಲ್ಲು ಚಿಗುರುವ ಹೊತ್ತಿಗೆ ಕರು ಹಾಕಬೇಕು. ಆ ಕಾಲ ತಪ್ಪಿದ ಕಡಸು ಇನ್ನೊಂದು ವರ್ಷ ಸುಮ್ಮನೆ ಮೇಯುತ್ತದೆ. ಅದಕ್ಕೇ 24 ತಿಂಗಳ ಹಟ. 13-15 ತಿಂಗಳಿಗೆ ಗಬ್ಬ ಕಟ್ಟಿಸುತ್ತಾರೆ, ಅದೂ ದೊಡ್ಡ ಹಸುಗಳಿಗಿಂತ ಕೆಲವು ವಾರ ಮುಂಚೆ. ಚೊಚ್ಚಲು ಹಾಕಿದ್ದು ಮತ್ತೆ ಬೆದೆಗೆ ಬರಲು ತಡ ಮಾಡುತ್ತದಲ್ಲ, ಆ ಸಮಯ ಸಿಗಲಿ ಅಂತ.

ಅಲ್ಲಿಯೂ ತಳಿಯಿಂದ ತಳಿಗೆ ವ್ಯತ್ಯಾಸ ಬಹಳ. ಆಂಗಸ್ ಬೇಗ ಪ್ರಾಯಕ್ಕೆ ಬರುತ್ತದೆ. ದೊಡ್ಡ ಮೈಯ ಶಾರೊಲೆ ತಡ. ಬ್ರಾಹ್ಮನ್ ಇನ್ನೂ ತಡ. ಅಮೆರಿಕದ ಆ ಬ್ರಾಹ್ಮನ್ ನಮ್ಮ ನೆಂಟನೇ. ಗೀರ್, ಒಂಗೋಲ್ ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. ಡುಬ್ಬದ ಜೊತೆ ನಿಧಾನವೂ ಹೋಗಿದೆ.

ತೂಕದ ವಿಷಯದಲ್ಲಿ ಅವರು ಬಹಳ ಕಾಲ ನೂರಕ್ಕೆ 65 ಪಾಲು ಆಗಲೇಬೇಕು ಅನ್ನುತ್ತಿದ್ದರು. ನೆಬ್ರಾಸ್ಕಾ ವಿಶ್ವವಿದ್ಯಾಲಯದವರು 55ರ ಆಸುಪಾಸಿನಲ್ಲಿ ಗಬ್ಬ ಕಟ್ಟಿಸಿಯೂ ನೋಡಿ, ಮೇವಿನ ಖರ್ಚು ಉಳಿಯುತ್ತದೆ, ಗಬ್ಬ ನಿಲ್ಲುವುದರಲ್ಲಿ ದೊಡ್ಡ ನಷ್ಟವಿಲ್ಲ ಎಂದು ತೋರಿಸಿದರು. ಇದನ್ನು ಓದಿ ನಮ್ಮವರೂ 55ಕ್ಕೇ ಶುರು ಮಾಡಬಹುದಾ? ಬೇಡ ಅನ್ನುತ್ತೇನೆ. ಅವರ ಹೋರಿಗಳನ್ನು ಚಿಕ್ಕ ಕರು ಹುಟ್ಟಲಿ ಎಂದೇ ತಲೆಮಾರುಗಳಿಂದ ಆರಿಸಿದ್ದಾರೆ, ಗಬ್ಬದ ಕಡಸಿಗೆ ಮುಂದೆ ಎಕರೆಗಟ್ಟಲೆ ಹುಲ್ಲಿದೆ. ನಮ್ಮಲ್ಲಿ ಎರಡೂ ಇಲ್ಲ. ಮಾಂಸಕ್ಕೆಂದೇ ಹಸು ಸಾಕುವ ರೂಢಿಯೂ ಇಲ್ಲ, 2021ರಿಂದ ರಾಜ್ಯದಲ್ಲಿ ಗೋಹತ್ಯೆ ತಡೆ ಕಾನೂನೂ ಬಿಗಿಯಾಗಿದೆ. ಅವರಿಂದ ಕಲಿಯಬೇಕಾದ್ದು ತಿಂಗಳ ಲೆಕ್ಕವನ್ನಲ್ಲ, ಅಳೆದು ನೋಡುವ ಅಭ್ಯಾಸವನ್ನು.

ಜರ್ಸಿ ಕಡಸಿಗೆ ಎಚ್‌ಎಫ್ ಹಾಕಿಸಿದ್ರೆ ಕರು ಜಾಸ್ತಿ ಹಾಲು ಕೊಡುತ್ತೆ ಅಲ್ವಾ?

ಕೊಡಬಹುದು, ಆದರೆ ಆ ಕರು ಮೊದಲು ಹೊರಗೆ ಬರಬೇಕಲ್ಲ. ಚೊಚ್ಚಲು ಹೆರಿಗೆ ಕಷ್ಟವಾಗುವುದಕ್ಕೆ ಮುಖ್ಯ ಕಾರಣ ಒಂದೇ: ಕರು ದೊಡ್ಡದು, ದಾರಿ ಚಿಕ್ಕದು. ಕರುವಿನ ಗಾತ್ರದಲ್ಲಿ ಹೋರಿಯ ಪಾಲು ದೊಡ್ಡದು. ಗಂಡು ಕರುವಾದರೆ ಇನ್ನಷ್ಟು ಭಾರ. ಚಿಕ್ಕ ಜರ್ಸಿ ಅಥವಾ ನಾಟಿ ಕಡಸಿಗೆ ಚೊಚ್ಚಲಿಗೆ ಜರ್ಸಿ ಕಡ್ಡಿಯನ್ನೇ (ವೀರ್ಯ ತುಂಬಿದ ನಳಿಕೆ) ಹಾಕಿಸಿ. ಎಚ್‌ಎಫ್ ಆಸೆ ಇದ್ದರೆ ಎರಡನೇ ಸೂಲಿಗೆ ನೋಡೋಣ.

ಬೆಲ್ಜಿಯನ್ ಬ್ಲೂ ಅನ್ನುವ ಮಾಂಸದ ತಳಿಯಲ್ಲಿ ಈ ತೊಂದರೆ ತುದಿ ಮುಟ್ಟಿದೆ. ಹಿಂಭಾಗದ ಮಾಂಸಖಂಡ ಎಷ್ಟು ದಪ್ಪವೆಂದರೆ ಬಹುಪಾಲು ಕರುಗಳನ್ನು ಹೊಟ್ಟೆ ಕುಯ್ದೇ ತೆಗೆಯುತ್ತಾರೆ.

ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಘನೀಕೃತ ವೀರ್ಯ ಕೇಂದ್ರ ಶುರುವಾದಾಗಿನಿಂದ ನಮ್ಮ ಭಾಗಕ್ಕೆ ಕಡ್ಡಿಗಳ ಬರ ಇಲ್ಲ. ಪ್ರತಿ ಕಡ್ಡಿಯ ಮೇಲೂ ಹೋರಿಯ ನಂಬರ್ ಇರುತ್ತದೆ. ಹಾಕಿಸುವಾಗ ಕೇಳಿ ಬರೆದುಕೊಳ್ಳಿ. ಅದೇ ಹೋರಿಯ ಕರುಗಳು ಪಕ್ಕದ ಮನೆಗಳಲ್ಲಿ ಸಲೀಸಾಗಿ ಹುಟ್ಟಿವೆಯಾ ಅಂತ ವಿಚಾರಿಸಿದರೆ ಮುಂದಿನ ಸಲಕ್ಕೆ ಉಪಯೋಗ.

## ತೂಕ, ಮೇವು

ಎರಡು ವರ್ಷ ಆಯ್ತು, ಬೆದೆಗೇ ಬಂದಿಲ್ಲ. ಗೊಡ್ಡು ಅಂತ ಕೊಟ್ಟುಬಿಡ್ಲಾ?

ಕೊಡುವ ಮುಂಚೆ ಟೇಪು ಹಿಡಿಯಿರಿ. ಎಚ್‌ಎಫ್ ಮಿಶ್ರತಳಿ ಕರು ಹುಟ್ಟುವಾಗ ಸುಮಾರು 30 ಕಿಲೋ. ಅದು 250 ಆಗಲು 220 ಕಿಲೋ ಬೆಳೆಯಬೇಕು. ದಿನಕ್ಕೆ 460 ಗ್ರಾಂ ಬೆಳೆದರೆ 16 ತಿಂಗಳು ಸಾಕು. ದಿನಕ್ಕೆ 300 ಗ್ರಾಂ ಬೆಳೆದರೆ 24 ತಿಂಗಳು ಬೇಕು. ವ್ಯತ್ಯಾಸ ಒಂದು ಹಿಡಿ ಹಿಂಡಿಯಷ್ಟು ಅನ್ನಿಸುತ್ತದೆ, ಕಳೆದದ್ದು ಎಂಟು ತಿಂಗಳು.

ಈ ಹಿನ್ನಡೆ ಹೆಚ್ಚಾಗಿ ಶುರುವಾಗುವುದು ಕರು ಹಾಲು ಬಿಟ್ಟ ಮೇಲೆ. ಹಾಲು ಕೊಡುವ ಹಸುವಿಗೆ ಹಸಿರು ಮೇವು, ಹಿಂಡಿ, ಬೂಸಾ. ಮೂಲೆಯಲ್ಲಿ ಕಟ್ಟಿದ ಹೆಣ್ಣುಗರುವಿಗೆ ಉಳಿದ ರಾಗಿ ಹುಲ್ಲು. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಎಷ್ಟೋ ಮೇಲು, ಆದರೆ ಬೆಳೆಯುವ ಮೈಗೆ ಅದೊಂದೇ ಸಾಲದು. ಪ್ರೋಟೀನೂ ಕಮ್ಮಿ, ರಂಜಕವೂ ಕಮ್ಮಿ. ದಿನಕ್ಕೆ ಒಂದೂವರೆ ಎರಡು ಕಿಲೋ ಪಶು ಆಹಾರ, ಒಂದಷ್ಟು ಹಸಿರು, ಖನಿಜ ಮಿಶ್ರಣ ಸೇರಿದರೆ ಮೂರು ನಾಲ್ಕು ತಿಂಗಳಲ್ಲಿ ಎಷ್ಟೋ ಗೊಡ್ಡುಗಳು ಬೆದೆಗೆ ಬಂದುಬಿಡುತ್ತವೆ. ಖನಿಜ ಮಿಶ್ರಣದಲ್ಲಿ ಆಯಾ ಪ್ರದೇಶದ ಮಣ್ಣು ಮೇವು ನೋಡಿ ಮಾಡಿದ್ದು ಉತ್ತಮ. ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಈ ವಿಷಯದಲ್ಲಿ ಬಹಳ ಕೆಲಸ ಮಾಡಿದ್ದಾರೆ.

ಜಂತುಹುಳ, ಉಣ್ಣಿ ಎರಡನ್ನೂ ಮರೆಯಬೇಡಿ. ಉಣ್ಣಿಯಿಂದ ಬರುವ ಥೈಲೇರಿಯಾ ಜ್ವರ ಮಿಶ್ರತಳಿ ಕಡಸನ್ನು ತಿಂಗಳುಗಟ್ಟಲೆ ಹಿಂದೆ ತಳ್ಳುತ್ತದೆ.

ತೂಕ ಸರಿಯಿದ್ದೂ ಬೆದೆ ಇಲ್ಲವಾದರೆ ಆಗ ಡಾಕ್ಟರ ಕೈ ಹಾಕಿಸಿ ಪರೀಕ್ಷೆ ಮಾಡಿಸಿ. ಗರ್ಭಕೋಶವೇ ಬೆಳೆಯದ ಕಡಸುಗಳೂ ಇರುತ್ತವೆ. ಆಗಲೇ ಗಬ್ಬ ಆಗಿರುವ ಕಡಸೂ ಸಿಗುತ್ತದೆ. ನಗಬೇಡಿ, ಅಪರೂಪವೇನಲ್ಲ.

ಜೋಡಿ ಕರು ಹುಟ್ಟಿತ್ತು, ಒಂದು ಗಂಡು ಒಂದು ಹೆಣ್ಣು. ಹೆಣ್ಣನ್ನ ಸಾಕಬಹುದಾ?

ಹಾಲಿಗೆ ಅಂತ ಸಾಕಬೇಡಿ. ಹೊಟ್ಟೆಯೊಳಗೆ ಎರಡರ ರಕ್ತ ಬೆರೆತು, ಗಂಡು ಕರುವಿನ ಹಾರ್ಮೋನ್ ಹೆಣ್ಣಿನ ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. ಇಂಥ ಹೆಣ್ಣುಗರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬರಡು. ಕರು ಚಿಕ್ಕದಿರುವಾಗಲೇ ಡಾಕ್ಟರು ಪರೀಕ್ಷಿಸಿ ಹೇಳಬಲ್ಲರು. ಎರಡೂ ಹೆಣ್ಣಾದರೆ ಚಿಂತೆ ಇಲ್ಲ.

ಹಾಗಾದ್ರೆ ಫೀಡ್ ಸುರಿದು ಬೇಗ ಬೆಳೆಸಿಬಿಡ್ಲಾ?

ಅದೂ ಕೆಟ್ಟದ್ದೇ. ಮೂರು ತಿಂಗಳಿಂದ ಒಂಬತ್ತು ಹತ್ತು ತಿಂಗಳವರೆಗೆ ಕೆಚ್ಚಲಿನೊಳಗೆ ಹಾಲಿನ ಗ್ರಂಥಿಗಳು ಹರಡುವ ಕಾಲ. ಆ ಸಮಯದಲ್ಲಿ ಕರು ಬೊಜ್ಜು ಬೆಳೆಸಿಕೊಂಡರೆ ಗ್ರಂಥಿಯ ಜಾಗದಲ್ಲಿ ಕೊಬ್ಬು ಕೂರುತ್ತದೆ. ಕೆಚ್ಚಲು ದೊಡ್ಡದಾಗಿ ಕಾಣುತ್ತದೆ, ಹಾಲು ಮಾತ್ರ ಇರುವುದಿಲ್ಲ. ಗಬ್ಬದಲ್ಲಿ ಬೊಜ್ಜು ಬಂದರೆ ಹೆರಿಗೆ ದಾರಿಯಲ್ಲೇ ಕೊಬ್ಬು ತುಂಬಿ ಕರು ಸಿಕ್ಕಿಕೊಳ್ಳುತ್ತದೆ. ಬೇಕಾದ್ದು ಎತ್ತರ, ಎಲುಬು, ಎದೆ. ಕಡಸಿನ ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಅಂಗೈ ಇಟ್ಟು ಸವರಿದರೆ ಸಿಗಬೇಕು. ಬಾಲದ ಬುಡದಲ್ಲಿ ಕೊಬ್ಬಿನ ಗಡ್ಡೆ ಕೈಗೆ ಹತ್ತಿದರೆ ಫೀಡ್ ಇಳಿಸಿ.

ಬಿಯರ್ ಫ್ಯಾಕ್ಟರಿ ಗಸಿ, ಮಾರ್ಕೆಟ್ ಸೊಪ್ಪು, ಛತ್ರದ ಅನ್ನ ಸಿಗುತ್ತೆ. ಕಡಸಿಗೆ ಹಾಕಬಹುದಾ?

ಬೆಂಗಳೂರಿನ ಹಸುಗಳು ಅರ್ಧ ಬದುಕುವುದೇ ಇವುಗಳ ಮೇಲೆ. ಗಸಿ ಒಳ್ಳೆಯದು, ಪ್ರೋಟೀನ್ ಇದೆ. ಆದರೆ ಮುಕ್ಕಾಲು ಪಾಲು ನೀರು, ಎರಡು ಮೂರು ದಿನದಲ್ಲಿ ಬೂಸು ಹಿಡಿಯುತ್ತದೆ. ಬೂಸು ಹಿಡಿದದ್ದನ್ನು ಗಬ್ಬದ ಕಡಸಿಗೆ ಹಾಕಲೇಬೇಡಿ, ಕಂದು ಹಾಕಬಹುದು, ಅಂದರೆ ಗಬ್ಬ ಇಳಿದುಹೋಗಬಹುದು. ಮಾರ್ಕೆಟ್‌ನ ಕೋಸು, ಹೂಕೋಸಿನ ಎಲೆ ಸ್ವಲ್ಪ ಪರವಾಗಿಲ್ಲ, ಅದೇ ಹೊಟ್ಟೆ ತುಂಬಿಸುವಷ್ಟು ಬೇಡ. ಮೂಟೆ ಬಿಚ್ಚಿ ಪ್ಲಾಸ್ಟಿಕ್, ರಬ್ಬರ್ ಬ್ಯಾಂಡು, ತಂತಿ ಆರಿಸಿ ತೆಗೆಯಿರಿ. ಛತ್ರದ ಅನ್ನ ಮಾತ್ರ ಬೇಡವೇ ಬೇಡ. ಒಮ್ಮೆಲೇ ತಿಂದರೆ ಹೊಟ್ಟೆ ಹುಳಿಯಾಗಿ ರಾತ್ರೋರಾತ್ರಿ ಪ್ರಾಣ ಹೋಗುತ್ತದೆ. ಚರಂಡಿ ನೀರು ಸೇರುವ ಕೆರೆ ಅಂಚಿನ ಹುಲ್ಲೂ ಅಷ್ಟೇ. ಹಸಿರಾಗಿದೆ ಅಂತ ಕೊಯ್ದು ತರಬೇಡಿ, ಅದರಲ್ಲಿ ಸೀಸದಂಥ ಲೋಹಗಳು ಸೇರಿರುತ್ತವೆ.

## ಗಬ್ಬದಿಂದ ಕರುವಿನವರೆಗೆ

ಕೊನೇ ಮೂರು ತಿಂಗಳು ಮೇವು ಕಮ್ಮಿ ಮಾಡಿದ್ರೆ ಕರು ಸಣ್ಣದಾಗಿ ಸಲೀಸಾಗಿ ಬರುತ್ತಂತೆ, ನಿಜಾನಾ?

ಇದನ್ನು ಹೇಳಿಕೊಟ್ಟವರು ಯಾರೋ, ಊರೂರು ಹಬ್ಬಿದೆ. ನಿಜವಲ್ಲ. ಮೇವು ಕಮ್ಮಿಯಾದರೆ ಕಡಸು ತನ್ನ ಮೈ ಕರಗಿಸಿ ಕರುವನ್ನು ಬೆಳೆಸುತ್ತದೆ. ಕರು ಒಂದೆರಡು ಕಿಲೋ ಇಳಿಯಬಹುದು, ಹೆರಿಗೆ ಸುಲಭವಾಗುವುದಿಲ್ಲ. ಯಾಕೆಂದರೆ ತಿಣುಕಲು ತಾಯಿಗೇ ಶಕ್ತಿ ಇರುವುದಿಲ್ಲ. ಗಿಣ್ಣು ಹಾಲು ತೆಳುವಾಗುತ್ತದೆ, ಕರು ಸೊರಗುತ್ತದೆ, ತಾಯಿ ಮತ್ತೆ ಬೆದೆಗೆ ಬರುವುದು ತಿಂಗಳುಗಟ್ಟಲೆ ತಡ.

ಗಬ್ಬದ ಒಂಬತ್ತು ತಿಂಗಳೂ ಕಡಸು ಬೆಳೆಯುತ್ತಲೇ ಇರಬೇಕು. 260 ಕಿಲೋಗೆ ಗಬ್ಬ ಕಟ್ಟಿದ್ದು ಕರು ಹಾಕಿದ ಮೇಲೆ 350 ಇರಬೇಕಾದರೆ, ಹೊಟ್ಟೆಯ ಕರು, ನೀರು, ಸತ್ತೆ (ಮಾಸು) ಎಲ್ಲ ಸೇರಿ ದಿನಕ್ಕೆ ಅರ್ಧ ಕಿಲೋ ಏರಬೇಕು. ಬೊಜ್ಜು ಬರಿಸದೆ ಇಷ್ಟು ಬೆಳೆಸುವುದೇ ಜಾಣತನ.

ನೋವು ಶುರುವಾದ ಮೇಲೆ ಎಷ್ಟು ಹೊತ್ತು ಕಾಯಬೇಕು?

ಮೊದಲು ಚಡಪಡಿಕೆ. ಏಳುವುದು, ಮಲಗುವುದು, ಬಾಲ ಎತ್ತುವುದು, ಹಿಂದೆ ತಿರುಗಿ ನೋಡುವುದು. ಚೊಚ್ಚಲಿಗೆ ಇದು ಆರು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ನಡೆಯುತ್ತದೆ. ಆಗ ಅದರ ಪಾಡಿಗೆ ಬಿಡಿ. ಹತ್ತು ಜನ ಸುತ್ತ ನಿಂತರೆ ಕಡಸು ಗಾಬರಿಯಾಗಿ ನೋವು ಹಿಂದೆ ಹೋಗುತ್ತದೆ.

ನೀರಿನ ಚೀಲ ಕಂಡ ಮೇಲೆ ಗಡಿಯಾರ ನೋಡಿ. ಎರಡು ಮುಂಗಾಲು, ಗೊರಸಿನ ಅಡಿ ಕೆಳಗೆ ಮಾಡಿಕೊಂಡು, ಅವುಗಳ ಮೇಲೆ ಮೂತಿ. ಹೀಗೆ ಬಂದರೆ ಸರಿ. ಗೊರಸಿನ ಅಡಿ ಮೇಲೆ ನೋಡುತ್ತಿದ್ದರೆ ಬಹುಶಃ ಹಿಂಗಾಲು. ಒಂದೇ ಕಾಲು ಬಂದರೆ, ಕಾಲಿದ್ದು ಮೂತಿ ಇಲ್ಲದಿದ್ದರೆ, ಅಥವಾ ಬಾಲ ಮಾತ್ರ ಕಂಡರೆ ಕಾಯಲೇಬೇಡಿ. ಎಲ್ಲ ಸರಿ ಇದ್ದೂ ಒಂದು ಗಂಟೆ ಜೋರಾಗಿ ತಿಣುಕಿ ಕರು ಮುಂದೆ ಸರಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಯಾರೂ ಸಿಗದಿದ್ದರೆ ಪಶು ಸಂಜೀವಿನಿ ಆಂಬುಲೆನ್ಸಿನ 1962ಕ್ಕೆ ಪ್ರಯತ್ನಿಸಿ.

ನಾಲ್ಕು ಜನ ಹಗ್ಗ ಕಟ್ಟಿ ಎಳೆಯುವುದು ಬೇಡ. ಎಳೆಯಲೇಬೇಕಾಗಿ ಬಂದರೆ ಕೈ ಚೆನ್ನಾಗಿ ತೊಳೆದು, ಜಾರಲು ಎಣ್ಣೆ ಹಚ್ಚಿ, ಕಡಸು ತಿಣುಕಿದಾಗ ಮಾತ್ರ, ಕೆಳಮುಖವಾಗಿ, ಒಂದು ಕಾಲಾದ ಮೇಲೆ ಇನ್ನೊಂದು ಕಾಲನ್ನು ಸ್ವಲ್ಪ ಸ್ವಲ್ಪ ಎಳೆಯಬೇಕು. ಸತ್ತೆ 12 ಗಂಟೆಯೊಳಗೆ ಬೀಳಬೇಕು. ಬೀಳದಿದ್ದರೆ ಅದಕ್ಕೆ ಕಲ್ಲು, ಚಪ್ಪಲಿ ಕಟ್ಟಿ ತೂಗುಬಿಡಬೇಡಿ, ಡಾಕ್ಟರನ್ನು ಕರೆಯಿರಿ. ಕರುವಿಗೆ ಎರಡು ಗಂಟೆಯೊಳಗೆ ಎರಡು ಲೀಟರ್ ಗಿಣ್ಣು ಹಾಲು ಹೋಗಲಿ. ಸತ್ತೆ ಬಿದ್ದ ಮೇಲೇ ಕರೆಯಬೇಕು ಅನ್ನುವ ಮಾತು ಕೇಳಬೇಡಿ.

ಕಂದು ಹಾಕೋ ರೋಗಕ್ಕೆ ಲಸಿಕೆ ಈಗ ಹಾಕಿಸಬಹುದಾ? ಐದು ತಿಂಗಳ ಗಬ್ಬ.

ಈಗ ಆಗುವುದಿಲ್ಲ. ಬ್ರುಸೆಲ್ಲಾ ಲಸಿಕೆ ಹೆಣ್ಣುಗರುವಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ, ಜೀವಮಾನಕ್ಕೆ ಒಮ್ಮೆ. ಗಬ್ಬದಲ್ಲಿ ಹಾಕಿದರೆ ಲಸಿಕೆಯೇ ಕಂದು ಹಾಕಿಸಬಹುದು. ಈ ರೋಗ ಮನುಷ್ಯರಿಗೂ ಬರುತ್ತದೆ. ಕಂದು ಹಾಕಿದ ಕಡಸಿನ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಸಿಗದಂತೆ ಆಳವಾಗಿ ಸುಣ್ಣ ಹಾಕಿ ಹೂಳಿ.

## ಇನ್ನೂ ಮುಂದಕ್ಕೆ

ಹೆಣ್ಣುಗರುವೇ ಹುಟ್ಟೋ ಕಡ್ಡಿ ಬಂದಿದೆಯಲ್ಲ, ಕಡಸಿಗೆ ಹಾಕಿಸಬಹುದಾ?

ಹಾಕಿಸಬೇಕಾದ್ದೇ ಕಡಸಿಗೆ. ಲಿಂಗ ವಿಂಗಡಿಸಿದ ವೀರ್ಯದಲ್ಲಿ ಸುಮಾರು ನೂರಕ್ಕೆ 90 ಹೆಣ್ಣುಗರು. ಗಬ್ಬ ನಿಲ್ಲುವುದು ಮಾಮೂಲಿ ಕಡ್ಡಿಗಿಂತ ಸ್ವಲ್ಪ ಕಮ್ಮಿ. ಹಾಲು ಕರೆಯುವ ಹಸುವಿಗಿಂತ ಕಡಸಿನಲ್ಲಿ ಗಬ್ಬ ಚೆನ್ನಾಗಿ ನಿಲ್ಲುವುದರಿಂದ ಆ ಕೊರತೆ ಇಲ್ಲಿ ಅಷ್ಟು ಕಾಡುವುದಿಲ್ಲ. ಹೆಣ್ಣುಗರು ಗಂಡಿಗಿಂತ ಹಗುರ, ಚೊಚ್ಚಲು ಹೆರಿಗೆಗೆ ಅದೂ ಅನುಕೂಲ. ಬೆದೆ ಸ್ಪಷ್ಟವಾಗಿ ಕಂಡಾಗ ಮಾತ್ರ ಹಾಕಿಸಿ, ಅನುಮಾನವಿದ್ದರೆ ದುಬಾರಿ ಕಡ್ಡಿ ದಂಡ.

ಹಾರ್ಮೋನ್ ಕೊಟ್ಟು ಬೆದೆಗೆ ತರಿಸಿಬಿಡಿ ಸಾರ್, ಖರ್ಚಾದ್ರೂ ಪರವಾಗಿಲ್ಲ.

ಪ್ರೊಜೆಸ್ಟೆರಾನ್ ಇರುವ ಸಾಧನವನ್ನು ಏಳೆಂಟು ದಿನ ಒಳಗಿಟ್ಟು ತೆಗೆದರೆ ಕಡಸು ಬೆದೆಗೆ ಬರುತ್ತದೆ. ಆದರೆ ತೂಕ ಮುಟ್ಟಿದ, ಬೆದೆಯ ಹೊಸ್ತಿಲಲ್ಲಿ ನಿಂತ ಕಡಸಿಗೆ ಮಾತ್ರ ಇದರಿಂದ ಉಪಯೋಗ. 170 ಕಿಲೋ ಕಡಸಿಗೆ ಇದನ್ನು ಇಡುವುದು ದುಡ್ಡು ಚೆಲ್ಲಿದ ಹಾಗೆ. ಬಂದರೂ ಗಬ್ಬ ನಿಲ್ಲುವುದಿಲ್ಲ, ನಿಂತರೆ ಹೆರಿಗೆಯಲ್ಲಿ ಪೇಚಾಟ. ಇನ್ನೊಂದು: ಬೆದೆಗೆ ತರಲು ಕೊಡುವ ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ನನ್ನು ಗಬ್ಬ ಇಲ್ಲವೆಂದು ಪರೀಕ್ಷೆ ಮಾಡಿಸದೆ ಕೊಡಿಸಬೇಡಿ. ಗಬ್ಬ ಇದ್ದರೆ ಹೋಗಿಬಿಡುತ್ತದೆ. ಅಂಗಡಿಯ ಬಾಟಲಿ ಟಾನಿಕ್ಕುಗಳ ಬಗ್ಗೆ ಕೇಳಿದರೆ, ಅದೇ ದುಡ್ಡಿಗೆ ಹಿಂಡಿ ತನ್ನಿ ಅನ್ನುತ್ತೇನೆ.

ಬೇಗ ಕರು ಹಾಕಿಸಿದ್ರೆ ನಿಜವಾಗ್ಲೂ ಲಾಭಾನಾ? ತಡ ಆದ್ರೆ ಮೈ ಗಟ್ಟಿ ಆಗುತ್ತೆ ಅಂತಾರೆ.

ದಿನಕ್ಕೆ 100 ರೂಪಾಯಿ ಖರ್ಚು ಅಂತಲೇ ಇಟ್ಟುಕೊಳ್ಳಿ. ಎಂಟು ತಿಂಗಳು ತಡವಾದರೆ 24,000 ರೂಪಾಯಿ ಹೋಯಿತು, ಎಂಟು ತಿಂಗಳ ಹಾಲೂ ಹೋಯಿತು. ತಡವಾದ ಕಡಸು ಮೊದಲ ಸೂಲಿನಲ್ಲಿ ಒಂದೆರಡು ಲೀಟರ್ ಜಾಸ್ತಿ ಕೊಡಬಹುದು, ಜೀವಮಾನದ ಲೆಕ್ಕದಲ್ಲಿ ಅದು ತುಂಬಿ ಬರುವುದಿಲ್ಲ. ಮೂರು ವರ್ಷ ದಾಟಿದ, ತಿಂದು ಕೊಬ್ಬಿದ ಕಡಸಿನಲ್ಲಿ ಹೆರಿಗೆಯೂ ಸುಲಭವಲ್ಲ. ಇನ್ನೊಂದು ಕಡೆ, 24 ತಿಂಗಳ ಹಠಕ್ಕೆ ಬಿದ್ದು ಅಳತೆ ಮುಟ್ಟದ್ದನ್ನು ಗಬ್ಬ ಕಟ್ಟಿಸಿದರೆ ಮೊದಲ ಕರು ಹೇಗೋ ಬರುತ್ತದೆ. ಎರಡನೆಯದಕ್ಕೆ ಗಬ್ಬವೇ ನಿಲ್ಲುವುದಿಲ್ಲ. ಹಾಲು ಕೊಡಬೇಕು, ತಾನೂ ಬೆಳೆಯಬೇಕು, ಮತ್ತೆ ಗಬ್ಬ ಹೊರಬೇಕು, ಮೂರಕ್ಕೂ ಮೇವು ಸಾಲುವುದಿಲ್ಲ. ನಮ್ಮ ಮಿಶ್ರತಳಿಗೆ 26-30 ತಿಂಗಳು ಹಿತವಾದ ಗುರಿ ಅಂತ ನನ್ನ ಅಭಿಪ್ರಾಯ. ಚೊಚ್ಚಲು ಹಾಕಿದ್ದಕ್ಕೆ ಹಾಲಿನ ಲೆಕ್ಕದ ಫೀಡಿನ ಮೇಲೆ ಒಂದು ಕಿಲೋ ಜಾಸ್ತಿ ಕೊಡಿ. ಅದು ಅದರ ಮೈ ಬೆಳವಣಿಗೆಯ ಪಾಲು.

ಗಬ್ಬದ ಕಡಸನ್ನೇ ಕೊಂಡು ತರೋಣ ಅಂತಿದ್ದೀನಿ. ಏನು ನೋಡ್ಲಿ?

ಮಾರುವವರು ವಯಸ್ಸು ಹೇಳುತ್ತಾರೆ, ನೀವು ಬಾಯಿ ಬಿಡಿಸಿ. ಹಾಲುಹಲ್ಲೇ ಇದ್ದರೆ ಇನ್ನೂ ಎರಡು ವರ್ಷದ ಆಸುಪಾಸು. ಎರಡು ಹಲ್ಲು ಅಂದರೆ ಎರಡು, ಎರಡೂವರೆ ವರ್ಷ. ನಾಲ್ಕು ಹಲ್ಲಾಗಿದ್ದರೆ ಮೂರರ ಹತ್ತಿರ. ಅಷ್ಟು ವರ್ಷವಾಗಿ ಈಗಷ್ಟೇ ಗಬ್ಬ ಅಂದರೆ ಯಾಕೆ ತಡವಾಯಿತು ಅಂತ ಕೇಳಿ. ಹಾಲುಹಲ್ಲಿದ್ದು ಏಳು ತಿಂಗಳ ಗಬ್ಬ ಅಂದರೆ ಇನ್ನೂ ಹುಷಾರು. ಟೇಪು ಜೇಬಿನಲ್ಲಿರಲಿ, ಆದರೆ ತುಂಬು ಗಬ್ಬದಲ್ಲಿ ಹೊಟ್ಟೆಯ ಕರುವಿನ ತೂಕವೂ ಸೇರಿರುತ್ತದೆ ಅನ್ನುವುದು ನೆನಪಿರಲಿ. ಎದೆ ಅಗಲ, ಎತ್ತರ, ಹಿಂದೆ ಎರಡು ಮೂಳೆಗಳ ನಡುವಿನ ಜಾಗ ನೋಡಿ. ಹಿಂಭಾಗ ಚೂಪಾಗಿದ್ದರೆ ಬಿಡಿ. ಯಾವ ತಳಿಯ ಕಡ್ಡಿ, ಯಾವ ತಾರೀಖು ಅಂತ ಚೀಟಿ ಕೇಳಿ. ಚೀಟಿ ಇಲ್ಲದಿದ್ದರೆ ನಿಮ್ಮ ಕಡೆಯ ಡಾಕ್ಟರನ್ನು ಕರೆದುಕೊಂಡು ಹೋಗಿ ಗಬ್ಬ ಪರೀಕ್ಷೆ ಮಾಡಿಸಿ, ಬ್ರುಸೆಲ್ಲಾಗೆ ರಕ್ತ ತೆಗೆಸಿ. ಫಲಿತಾಂಶ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಮನೆಗೆ ತಂದ ಮೇಲೆ ಮೂರು ವಾರ ಬೇರೆ ಕಡೆ ಕಟ್ಟಿ. ಎಂಟು ತಿಂಗಳು ತುಂಬಿದ್ದನ್ನು ಟೆಂಪೋದಲ್ಲಿ ದೂರ ಸಾಗಿಸಬೇಡಿ, ಕರು ಹಾಕಿದ ಮೇಲೆಯೇ ತರುತ್ತೇನೆ ಅಂತ ಮಾತಾಡಿಕೊಂಡು ಬನ್ನಿ.